ಮರಳುಗಾಡಿನಲ್ಲಿ ಮರಿಸಿದ್ದಯ್ಯನ ಹಗೇವು

ಮಳವಳ್ಳಿ ಸೀಮೆಯಲ್ಲಿ ಹಗೇವು ತೋಡುವುದರಲ್ಲಿ ಮರಿಸಿದ್ದಯ್ಯನನ್ನು ಮೀರಿಸಿದವರಿರಲಿಲ್ಲ. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡುವ ಗುಳಿ. ಬಾಯಿ ಒಬ್ಬನು ಇಳಿಯುವಷ್ಟು, ಹೊಟ್ಟೆ ಇಪ್ಪತ್ತು ಮೂಟೆ ನುಂಗುವಷ್ಟು. ಮನೆಮನೆಗೂ ಪ್ಲಾಸ್ಟಿಕ್ ಡ್ರಮ್ಮು ಬಂದ ಮೇಲೆ ಆ ವಿದ್ಯೆಯನ್ನು ಕೇಳುವವರಿಲ್ಲದಾಯಿತು. ಅವನು ಹತ್ತಿರದ ಬ್ಲಫ್ ಎಂಬ ಊರಿನ ಒಂದು ಮೆಸ್ಸು ಸೇರಿ ಇಪ್ಪತ್ತೆರಡು ವರ್ಷ ಮುದ್ದೆ ತಿರುವಿದ. ಆದರೂ ಕಸುಬು ಯಾವುದೆಂದು ಕೇಳಿದವರಿಗೆ ಹಗೇವು ಎಂದೇ ಹೇಳುತ್ತಿದ್ದ; ಸೌಟಿನ ಸುದ್ದಿ ಎತ್ತುತ್ತಿರಲಿಲ್ಲ.

ತಮ್ಮನ ಮಗಳು ಅರುಂಧತಿ ಹಳೇ ಕಾಲದ ಮೂಳೆಗಳ ಮೇಲೆ ಓದಿ ಡಾಕ್ಟರಾದವಳು. ಚಿಕ್ಕವಳಿದ್ದಾಗ ಅವಳ ಸೊಂಟಕ್ಕೆ ಹಗ್ಗ ಬಿಗಿದು ಹಗೇವಿಗೆ ಇಳಿಸಿ ರಾಗಿ ತುಂಬಿಸುತ್ತಿದ್ದವನು ಇದೇ ದೊಡ್ಡಪ್ಪ. ನೆಲ ಬಗೆಯುವ ಹುಚ್ಚು ಅವಳಿಗೆ ಹತ್ತಿದ್ದು ಅಲ್ಲೇ ಎಂದು ಅವನ ವಾದ. ಹೋದ ಚಳಿಗಾಲ ಅವಳು ತಂಡ ಕಟ್ಟಿಕೊಂಡು ರಾಜಸ್ಥಾನದ ಮರಳುಗಾಡಿಗೆ ಹೊರಟಾಗ ಅವನು ಕೇಳಿದ, "ಮ್ಯಾಮತ್ ಉಡುಕಕ್ಕೆ ಓಯ್ತಿದ್ದೀಯಂತೆ?"

"ಮ್ಯಾಮತ್ತಲ್ಲ ದೊಡ್ಡಪ್ಪ, ಅದರ ದಾಯಾದಿ. ಅದಕ್ಕಿಂತ್ಲೂ ದೊಡ್ಡ ಆನೆ."

"ದಾಯಾದಿ ಅಂದ್ಮೇಲೆ ಸುಲಬುಕ್ಕೆ ಕೈಗ್ ಸಿಕ್ಕಾಕಿಲ್ಲ ಬುಡು. ಅಡುಗೆಗೆ ನಾನೇ ಬತ್ತೀನಿ."

ಹೀಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮರಿಸಿದ್ದಯ್ಯ ಎರಡು ಮೂಟೆ ರಾಗಿ, ಒಂದು ಬೀಸುಕಲ್ಲಿನ ಸಮೇತ ಮರಳುಗಾಡು ಕಂಡ.

ಮೊದಲ ದಿನವೇ ಅರುಂಧತಿ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿದಳು. ಅವಳ ಅಪ್ಪಣೆಯಿಲ್ಲದೆ ಯಾರೂ ಒಂದು ಬೊಗಸೆ ಮರಳು ಎತ್ತಬಾರದು. ಎತ್ತಿದವರು ಮುಂದಿನ ಬಸ್ಸಿಗೆ ಊರು ಸೇರಬೇಕು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಎಲ್ರನ್ನೂ ಸೇರ್ಸೇ ಹೇಳ್ತಿರೋದು" ಎಂದಳು.

ಹನ್ನೊಂದು ದಿನ ಅವನು ಕೈ ಕಟ್ಟಿಕೊಂಡಿದ್ದ. ಅಷ್ಟರಲ್ಲಿ ರಾಗಿಗೆ ನುಸಿ ಬಿತ್ತು. ಹಗೇವು ಬಲ್ಲ ಮನುಷ್ಯ ನುಸಿ ರಾಗಿ ಬೀಸುವುದುಂಟೆ? ಹನ್ನೆರಡನೆಯ ದಿನ, ತಂಡವೆಲ್ಲ ಒಂದು ಮೈಲಿ ಆಚೆ ಅಗೆಯುತ್ತಿದ್ದಾಗ, ಅಡುಗೆ ಡೇರೆಯ ಹಿಂದೆ ಕುತ್ತಿಗೆಮಟ್ಟ ಗುಳಿ ತೋಡಿ, ರಾಗಿಯನ್ನು ಕೇರಿ ಒಳಗೆ ಸುರಿದು ಬಾಯಿ ಮುಚ್ಚಿದ. ಮೀಸೆಯಡಿ ಒಂದು ನಗೆ ಸುಳಿಯಿತು.

ಮಾರನೆಯ ದಿನ ರಾಗಿ ತೆಗೆಯಲು ಇಳಿದಾಗ ಗೋಡೆ ಜಾರಿತು. ಮಳವಳ್ಳಿಯ ಕೆಂಪು ಮಣ್ಣಾಗಿದ್ದರೆ ನೂರು ವರ್ಷ ನಿಲ್ಲುತ್ತಿತ್ತು. ಮರಳಿಗೆ ಆ ಮರ್ಯಾದೆಯಿಲ್ಲ. ಜಾರಿದ ಕಡೆ ತೊಡೆಗಾತ್ರದ ಬಾಗಿದ ವಸ್ತುವೊಂದು ಇಣುಕಿತು. ಬೇರೆನ್ನಲು ಹತ್ತು ಮೈಲಿಗೆ ಮರವಿರಲಿಲ್ಲ. ತಂಡದ ಹುಡುಗರು ಕಲ್ಲೋ ಮೂಳೆಯೋ ಎಂದು ನೋಡಲು ನಾಲಿಗೆ ತಾಗಿಸುವುದನ್ನು ಅವನು ಕಂಡಿದ್ದ. ತಾನೂ ತಾಗಿಸಿದ. ಅಂಟಿಕೊಂಡಿತು, ಮೂಳೆಯೇ.

ಸಿಕ್ಕಷ್ಟು ರಾಗಿ ಬಾಚಿ, ಗುಳಿ ಮುಚ್ಚಿ, ಮೇಲೆ ಸೌದೆ ಒಟ್ಟಿ ಕುಳಿತ. ಬಾಯಿಬಿಟ್ಟರೆ ಬಸ್ಸು. ಬಿಡದಿದ್ದರೆ ಮಗಳು ಬರಿಗೈಲಿ ಹೋಗಬೇಕು. ಏನೂ ಸಿಗದ ಕಾರಣ ಶನಿವಾರ ಡೇರೆ ಕೀಳುವುದೆಂದು ಆಗಲೇ ಗೊತ್ತಾಗಿತ್ತು. ಅವಳು ಅರ್ಧ ಮುದ್ದೆಗೇ ಕೈತೊಳೆಯುವುದನ್ನು ಎರಡು ದಿನ ನೋಡಿದ. ಮೂರನೆಯ ದಿನ ಸೌದೆ ಸರಿಸಿ, ಪಾತ್ರೆ ತೊಳೆದ ನೀರನ್ನೆಲ್ಲ ಅಲ್ಲೇ ಚೆಲ್ಲತೊಡಗಿದ. ಗುರುವಾರಕ್ಕೆ ಮರಳು ತಗ್ಗಿ ದಂತ ತಲೆಯೆತ್ತಿತು.

ಅರುಂಧತಿಯ ಜೊತೆಗಾರ ಶಶಿಧರ್ ಚಹಾಕ್ಕೆ ಬಂದಾಗ ಮರಿಸಿದ್ದಯ್ಯ ಮೆಲ್ಲಗೆ, "ಅಲ್ಲೇನೋ ಬೆಳ್ಳುಗ್ ಕಾಣ್ತದೆ ನೋಡಿ. ನಾನಂತೂ ಮುಟ್ಟಿಲ್ಲ ಕಣಪ್ಪ, ರೂಲ್ಸು" ಎಂದ.

ಡೇರೆ ಕೀಳುವ ಮಾತು ನಿಂತಿತು. ಅರುಂಧತಿ ಎರಡು ಮುದ್ದೆ ಉಂಡಳು. ಎಲ್ಲ ಸುಖವಾಗಿ ಮುಗಿಯುತ್ತಿತ್ತು, ಆದರೆ ದಂತದ ಪಕ್ಕದ ಮರಳು ಜರಡಿ ಹಿಡಿದ ಶಶಿಧರನಿಗೆ ಒಂದು ಹಿಡಿ ರಾಗಿ ಸಿಕ್ಕಿತು. ಅವನು ಲೆಕ್ಕ ಹಾಕಿದ. ರಾಗಿ ನಮ್ಮ ದೇಶಕ್ಕೆ ಬಂದದ್ದು ಮೂರು ನಾಲ್ಕು ಸಾವಿರ ವರ್ಷದ ಹಿಂದೆ, ಈ ಆನೆ ಸತ್ತು ಲಕ್ಷ ವರ್ಷವಾಗಿರಬಹುದು. ಆನೆ ರಾಗಿ ತಿಂದಿತ್ತೆಂದರೆ ಪುಸ್ತಕಗಳನ್ನೆಲ್ಲ ತಿದ್ದಬೇಕು. ಕಾಳು ಇಷ್ಟು ಹೊಸದಾಗಿ ಕಾಣುತ್ತಿದೆಯಲ್ಲ ಎಂದು ಅರುಂಧತಿ ಅನುಮಾನಿಸಿದರೆ, ಒಣ ಹವೆ ಕಾಪಾಡಿದೆ ಎಂದ ಶಶಿಧರ್. ಈ ಶೋಧವನ್ನು ಸಾರುವ ಕಾಗದವನ್ನೂ ಬರೆದಿಟ್ಟ, ಅಡಿಯಲ್ಲಿ ಅವಳ ಹೆಸರು. ಮಧ್ಯಾಹ್ನದ ಜೀಪಿಗೆ ಅದು ಪೇಟೆಗೆ ಹೋಗಬೇಕು.

ಊಟಕ್ಕೆ ಕೂತಾಗ ಮರಿಸಿದ್ದಯ್ಯ ಶಶಿಧರನ ತಟ್ಟೆಗೆ ಎಲ್ಲರದಕ್ಕಿಂತ ದೊಡ್ಡ ಮುದ್ದೆ ಇಟ್ಟ.

"ಉಣ್ಣಿ ಸ್ವಾಮಿ. ನಿಮ್ಮಾನೆ ತಿಂದಿದ್ದೂ ಇದೇ ರಾಗೀನೆ."

"ತಮಾಷೆ ಸಾಕು ದೊಡ್ಡಪ್ಪ" ಎಂದಳು ಅರುಂಧತಿ.

"ತಮಾಸೆ ಅಲ್ಲ ಕಣವ್ವ. ಮಳವಳ್ಳಿ ಸಂತೇಲಿ ತಂದಿದ್ದು. ಅಲ್ಲಿ ಅಗೇವು ತೋಡಿದ್ದೆ, ಕುಸೀತು."

ಶಶಿಧರ್ ಬಾಯಲ್ಲಿದ್ದ ತುತ್ತನ್ನು ನುಂಗಿ ಎದ್ದ. ಜೇಬಿನಿಂದ ಕಾಗದ ತೆಗೆದು, ನಾಲ್ಕಾಗಿ ಮಡಚಿ ಒಲೆಗೆ ತುರುಕಿ ಬಂದು, ಮತ್ತೆ ಉಣ್ಣಲು ಕೂತ. ಯಾರೂ ನಗಲಿಲ್ಲ, ನಗದಿರಲು ಎಲ್ಲರೂ ತಟ್ಟೆ ನೋಡುತ್ತಿದ್ದರು.

"ಎಷ್ಟು ಆಳ?" ಅರುಂಧತಿ ಕೇಳಿದಳು.

"ಕುತ್ಗೆಮಟ."

"ಒಳಗೆ ಹುಲ್ಲು ಸುತ್ತಿದ್ರ?"

"ಇಲ್ಲೆಲ್ಲವ್ವ ಉಲ್ಲು?"

"ಹುಲ್ಲು ಸುತ್ದೆ ಮರಳಲ್ಲಿ ಯಾರಾದ್ರೂ ಹಗೇವು ತೋಡ್ತಾರ?"

ಬಸ್ಸಿಗೆ ಹೆದರದೆ ಒಪ್ಪಿಕೊಂಡಿದ್ದ ಮರಿಸಿದ್ದಯ್ಯ ಈ ಮಾತಿಗೆ ತಲೆ ತಗ್ಗಿಸಿದ.

"ಬಸ್ಸು ನಾಳೆ ಎಂಟು ಗಂಟೆಗೆ" ಎಂದಳು ಅವಳು, ಧ್ವನಿ ಒಂದಿಷ್ಟು ಇಳಿಸಿ.

"ಗೊತ್ತು. ಬಟ್ಟೆ ಗಂಟು ಕಟ್ಟಾಯ್ತು. ನಿಮ್ಗೆ ಎಂಟು ದಿನಕ್ಕಾಗೋವಷ್ಟು ರಾಗಿ ಇಟ್ಟು ಬೀಸಿಟ್ಟಿದ್ದೀನಿ."

ಬೆಳಿಗ್ಗೆ ಅವನನ್ನು ಬಸ್ಸಿಗೆ ಬಿಡಲು ಅವಳೇ ಜೀಪು ಓಡಿಸಿಕೊಂಡು ಬಂದಳು. ಹತ್ತಿಸುವ ಮುನ್ನ ದಾಖಲೆಯ ಪುಸ್ತಕ ಬಿಚ್ಚಿ, ಪತ್ತೆ ಹಚ್ಚಿದವರು ಎಂಬಲ್ಲಿ ಮರಿಸಿದ್ದಯ್ಯ ಎಂದು ಬರೆದಳು.

"ಕಸುಬು ಏನಂತ ಹಾಕ್ಲಿ? ಅಡುಗೆ?"

"ಅಗೇವು ಅಂತ ಬರಿ." ಮೆಟ್ಟಿಲೇರಿದವನು ತಿರುಗಿ ನೋಡಿದ. "ಕುಸಿದಿದ್ ಮಾತ್ರ ಬರೀಬ್ಯಾಡ ಕಣವ್ವ."

ಅವಳು ಅದನ್ನೂ ಬರೆದುಕೊಂಡಳು.