ಚನ್ನಬಸಯ್ಯನವರ ಕೆಂಪು ಚುಕ್ಕೆ

“ಅಮ್ಮಾ, ಅಜ್ಜ ಇವತ್ತು ಕಂಪ್ಯೂಟರ್ ಯಾಕೆ ಮುಟ್ತಾ ಇಲ್ಲ? ಅದರ ಜೊತೆ ಟೂ ಬಿಟ್ರಾ?”

ಮಗ ರೋಶನ್‌ನ ಪ್ರಶ್ನೆ ಜ್ಯೋತ್ಸ್ನಾಳದೂ ಆಗಿತ್ತು. ಮುಂಬಯಿಯ ಮಲಾಡಿನ ಚಾಳಿನಲ್ಲಿ ಅವಳ ಎದುರುಮನೆಯವರಾದ ಚನ್ನಬಸಯ್ಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೊಟ್ಟ ಚಹಾ ಕೆನೆಗಟ್ಟಿತ್ತು.

ವಿಜಯಪುರದಿಂದ ಬಂದ ಅವರು ಕಾಂದಿವಲಿಯ ಗ್ಯಾಸ್ ಒಲೆ ಕಾರ್ಖಾನೆಯಲ್ಲಿ ವೈರಿಂಗ್ ಮಾಡುತ್ತಲೇ ತಲೆ ನರೆತವರು. ಸೋರಿಕೆ ಅಳೆಯುವ ಯಂತ್ರಕ್ಕೆ ಕಂಪ್ಯೂಟರ್ ಬಂದಾಗ, ಕಲಿ, ಇಲ್ಲವೇ ಮನೆಗೆ ನಡಿ ಎಂದರಂತೆ ಮಾಲೀಕರು. ಮಗು ಹುಟ್ಟುವವರೆಗೂ ಇಂಥ ಯಂತ್ರಗಳಿಗೆ ಪ್ರೋಗ್ರಾಂ ಮಾಡುವ ಕೆಲಸದಲ್ಲಿದ್ದ ಜ್ಯೋತ್ಸ್ನಾ, ಸಂಜೆ ಬೇಳೆ ಬೇಯುವ ಹೊತ್ತಿನಲ್ಲಿ ಕಲಿಸತೊಡಗಿದಳು. ಈ ಪ್ರೋಗ್ರಾಂ ಬರೆಯುವುದಲ್ಲ, ಚಿತ್ರದಂತೆ ಬಿಡಿಸುವುದು. ಒಂದು ಡಬ್ಬಿ ಅಳತೆ ತರುತ್ತದೆ, ಇನ್ನೊಂದು ಪಾಸೋ ಫೇಲೋ ನೋಡುತ್ತದೆ, ನಡುವೆ ತಂತಿ ಎಳೆದರಾಯಿತು.

“ಏ ಟೀಚರವ್ವ, ಶಾಕ್ ಹೊಡಿಯದ ವಾಯರ್ ನಂಬೂದು ಹೆಂಗ?” ಎಂದು ನಗುತ್ತಿದ್ದರು.

ಇಂದು ನಗುವಿಲ್ಲ. ಅವರ ಯಂತ್ರ ಪಾಸು ಮಾಡಿದ ಒಲೆಯೊಂದನ್ನು ಉರಿ ನೋಡಲು ಹಚ್ಚಿ, ಕಾರ್ಖಾನೆಯ ಹುಡುಗ ಸುಕೇಶ್ ಮುಖ, ಕೈ ಸುಟ್ಟುಕೊಂಡಿದ್ದ. ಹುಡುಗನದೇ ಅಜಾಗರೂಕತೆ ಎಂದು ಮಾಲೀಕರು ಕೈ ತೊಳೆದುಕೊಂಡಿದ್ದರು.

“ಕಾಕಾ, ಹೇಗೆ ಜೋಡಿಸಿದ್ರಿ, ಒಮ್ಮೆ ತೋರಿಸಿ.”

ಅವರು ಪರದೆಯ ಮೇಲೆ ಅಳತೆಯ ಕಿತ್ತಳೆ ತಂತಿಯನ್ನು ಪಾಸು-ಫೇಲು ನೋಡುವ ನೀಲಿ ಡಬ್ಬಿಗೆ ಎಳೆದರು. ಸೇರಿದಲ್ಲಿ ಪುಟ್ಟ ಕೆಂಪು ಚುಕ್ಕೆ ಮೂಡಿತು.

ಜ್ಯೋತ್ಸ್ನಾ ಅದರ ಮೇಲೆ ಬೆರಳಿಟ್ಟಳು. “ಈ ಚುಕ್ಕೆ?”

“ಜೋಡಣಿ ಗಟ್ಟಿ ಆತು ಅಂತಲ್ಲ? ವೈರಿಂಗ್ ನಕ್ಷೆಯೊಳಗ ತಂತಿ ಕೂಡಿದಲ್ಲಿ ಚುಕ್ಕಿ ಇಡ್ತೀವಿ. ಮೂಡಿದಾಗ ಖುಷಿ ಆತು ನನಗ.”

ಅದು ಎಚ್ಚರಿಕೆಯ ಚುಕ್ಕೆ. ನೀಲಿ ಡಬ್ಬಿಯಲ್ಲಿ ಒಂದು, ಎರಡು ಎಂಬ ಇಡೀ ಸಂಖ್ಯೆಯಷ್ಟೇ ಹಿಡಿಸುತ್ತದೆ. ಅರ್ಧಕ್ಕಿಂತ ಕಡಿಮೆ ಸೋರಿದ್ದೆಲ್ಲ ಅಲ್ಲಿ ಸೊನ್ನೆ, ಸೋರುವ ಒಲೆಯೂ ಪಾಸು. ಏನಾದರೊಂದು ಹೇಳಿ ಮುಚ್ಚಿಬಿಡೋಣ ಅನಿಸಿತು ಅವಳಿಗೆ. ಆ ಮುಖ ನೋಡಿ ಆಗಲಿಲ್ಲ. ಇದ್ದದ್ದನ್ನು ಹೇಳಿದಳು.

ಅವರು ಪರದೆಯನ್ನೇ ನೋಡುತ್ತಿದ್ದರು. “ಅಂದ್ರ ಹುಡುಗಂದೇನೂ ತಪ್ಪಿಲ್ಲ.”

“ಇಲ್ಲ ಕಾಕಾ.”

ಒಳಗೆ ಕುಕ್ಕರ್ ಕೂಗಿತು. ಇಬ್ಬರೂ ಏಳಲಿಲ್ಲ.

“ಸಾಹೇಬ್ರಿಗೆ ನಾನ ಹೇಳ್ತೀನಿ. ನೌಕರಿ ಹೋದ್ರ ಹೋಗ್ಲಿ. ಆದ್ರ ಅವನ ತಾಯಿ ಆಸ್ಪತ್ರೆಯೊಳಗ ಕುಂತು ಮಗನ್ನ ಬೈತಾಳ, ನೀನ ಬೆಂಕಿ ಹಚ್ಕೊಂಡಿ ಅಂತ. ಆಕಿಗೆ ತುಳು ಬಿಟ್ರ ಬ್ಯಾರೆ ತಿಳಿಯಂಗಿಲ್ಲ. ನೀ ಉಡುಪಿ ಕಡೆಯಾಕಿ. ನನ್ನ ಜೋಡಿ ಬಾರವ್ವ. ನಾ ಹೇಳಿದ್ದನ್ನ ಹಂಗ ನಿಮ್ಮ ಮಾತಿನಾಗ ಹೇಳು. ಮೆತ್ತಗ ಮಾಡಬ್ಯಾಡ.”