ಇದ್ದವರ ಫೋಟೋ

ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ಫೋಟೋ ಇದೆ. ಅಪ್ಪನನ್ನು ಬಲ್ಲವರು ಯಾರೂ ಅದನ್ನು ಅಪ್ಪ ಎಂದು ಒಪ್ಪುವುದಿಲ್ಲ. ಬಿಳಿ ಚಾದರದ ಮುಂದೆ, ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವರ ಹಾಗೆ ಕಣ್ಣು ಅಗಲಿಸಿ ಕೂತಿದ್ದಾರೆ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಬರೆದುಕೊಡಬೇಕಲ್ಲ, ಆ ಕಾಗದಕ್ಕೆಂದು ಕ್ಯಾಮೆರಾಕ್ಕೆ ಟೈಮರ್ ಇಟ್ಟು ತಾವೇ ತೆಗೆದುಕೊಂಡದ್ದು ಅದು. ಬದುಕಿದ್ದಾರೆಂದು ಸಾಕ್ಷಿ ಹೇಳಿದ ಫೋಟೋಕ್ಕೇ ಎಂಟು ತಿಂಗಳಲ್ಲಿ ಹಾರ ಹಾಕಬೇಕಾಯಿತು.

ಬೇರೆ ಫೋಟೋ ಇರಲಿಲ್ಲ. ನಲವತ್ತು ವರ್ಷ ಎಲ್ಲರ ಮದುವೆ, ಎಲ್ಲರ ಕುಬಸ, ಎಲ್ಲರ ಮನೆಯ ತೊಟ್ಟಿಲು ಕಾರ್ಯಕ್ಕೆ ಅಪ್ಪನೇ ಕ್ಯಾಮೆರಾ ಹಿಡಿದು ಓಡಾಡಿದವರು. ಆಲ್ಬಮ್ಮುಗಳು ಅಟ್ಟ ತುಂಬಿವೆ. ಅವುಗಳಲ್ಲಿ ಅಪ್ಪನನ್ನು ಹುಡುಕಿದರೆ ಸಿಗುವುದು ಒಂದೆರಡು ಕಡೆ ನೆಲದ ಮೇಲೆ ಬಿದ್ದ ನೆರಳು. ಅಷ್ಟೊಂದು ನೆಂಟರಲ್ಲಿ ಒಬ್ಬರಿಗಾದರೂ "ಕೊಡ್ರಿ ಇಲ್ಲೆ, ನಿಮ್ಮದೊಂದು ತೆಗಿತೀವಿ" ಎನ್ನಬೇಕೆಂದು ತೋಚಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ನನಗೂ ತೋಚಲಿಲ್ಲ, ಅದರದ್ದು ಇನ್ನೂ ಹೆಚ್ಚಿನ ಸಿಟ್ಟು.

ಕೊರೋನಾದ ಮೊದಲ ಮಳೆಗಾಲದಲ್ಲಿ ಅಪ್ಪ ಹೋದರು. ಆಸ್ಪತ್ರೆಯ ಗೇಟಿನ ಹೊರಗೆ ನಿಂತಿದ್ದ ನಮಗೆ ಮುಖ ತೋರಿಸಲಿಲ್ಲ. ನಮ್ಮ ಊರು ವಿಜಯಪುರದಿಂದ ನೆಂಟರು ಯಾರೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ ಅನ್ನಿ. ಅಪ್ಪ ನೌಕರಿಗೆ ಬಂದು ನೆಲೆಸಿದ ತೆಲುಗು ಸೀಮೆಯ ಕಾಚಿಗೂಡದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವ್ವ ಮತ್ತು ನಾನು ಉಳಿದೆವು.

ಚಳಿಗಾಲ ಬಂದಾಗ ನಾನೊಂದು ಲೆನ್ಸ್ ಕೊಂಡೆ. ಐವತ್ತು ಎಂಎಂ, ಕತ್ತಲೆಯಲ್ಲೂ ಬೆಳಕು ಹೀರುವಂಥದ್ದು, ಅಪ್ಪನ ಹಳೆಯ ಕ್ಯಾಮೆರಾಕ್ಕೆ ಕೂರುವಂಥದ್ದು. ಅಪ್ಪ ವರ್ಷಗಟ್ಟಲೆ ಅದನ್ನೇ ಅಂಗಡಿಯ ಗಾಜಿನಾಚೆ ನೋಡಿ, "ನನ್ನ ಕಣ್ಣಿಗೇ ಪೊರೆ ಬಂದೈತಿ, ಕ್ಯಾಮೆರಾಕ್ಕ್ಯಾಕ ಹೊಸಾ ಕಣ್ಣು" ಎಂದು ಮುಂದೆ ಹೋಗುತ್ತಿದ್ದರು. ಮನೆಯಿಂದಲೇ ಆಫೀಸ್ ಕೆಲಸ, ಬೇಜಾರು ಕಳೆಯಲು ಹವ್ಯಾಸ ಎಂದು ಅವ್ವನಿಗೆ ಹೇಳಿದೆ. ಅದು ಸುಳ್ಳು. ಅವ್ವನೂ ಹಾಗೇ ಹೋದರೆ ಗೋಡೆಗೆ ಇನ್ನೊಂದು ಚಾದರದ ಫೋಟೋ ಬರುತ್ತದೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ವಯಸ್ಸಾದವರದು ಒಳ್ಳೆಯ ಫೋಟೋ ಒಂದು ತೆಗೆದಿಡೋಣ ಎಂದರೆ ಅದಕ್ಕೆ ನಮ್ಮ ಕಡೆ ಒಂದೇ ಅರ್ಥ. ಬಾಯಿ ಬಿಟ್ಟು ಹೇಳುವುದಾದರೂ ಹೇಗೆ?

ಅಷ್ಟರಲ್ಲಿ ಅವ್ವನ ಹೆಸರಿಗೆ ಪಿಂಚಣಿ ಬದಲಾಯಿಸಲು ಬ್ಯಾಂಕಿನವರು ಫೋಟೋ ಕೇಳಿದರು. ಒಳ್ಳೆಯ ನೆಪ ಸಿಕ್ಕಿತೆಂದು ಹಾಲ್‌ನಲ್ಲಿ ಅದೇ ಬಿಳಿ ಚಾದರ ಕಟ್ಟಿದೆ. ಅವ್ವ ಬಂದು ನೋಡಿದಳು. ಕೂರಲಿಲ್ಲ.

"ನಾ ಇದರ ಮುಂದ ಕುಂದ್ರಾಂಗಿಲ್ಲ. ಇದರ ಮುಂದ ಕುಂತೇ ನಿಮ್ಮಪ್ಪನ ಮಾರಿ ಹಂಗ ಆಗೈತಿ."

"ಹಿಂದ ಬಿಳೇದ ಇರಬೇಕಂತವ್ವಾ. ಬ್ಯಾಂಕಿನಾವ್ರು ಹೇಳ್ಯಾರ."

"ಸ್ಟೇಷನ್ ಮುಂದಿನ ಹೊಟೇಲ್ ತೆರದಾರಂತ. ಅಲ್ಲೆ ಕೈ ತೊಳಿಯೋ ಕಡೆ ಬಿಳೇ ಗ್ವಾಡಿ ಐತಿ. ನಾ ಬದುಕೀನಿ ಅಂತ ತೋರಸಬೇಕಂದ್ರ ನಾ ಉಣ್ಣಾಕತ್ತಾಗ ತೆಗಿ. ಇಲ್ಲಾಂದ್ರ ಬಿಡು."

ಸ್ಟೇಷನ್ ಎದುರಿನ ಆ ಟಿಫಿನ್ ಹೊಟೇಲು ನಮ್ಮ ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ. ನೌಕರಿಗೆಂದು ರೈಲಿಳಿದ ದಿನ ಅಪ್ಪ ಈ ಊರಿನ ಮೊದಲ ತುತ್ತು ತಿಂದದ್ದು ಅಲ್ಲಿ. ಆಮೇಲೆ ತಿಂಗಳ ಮೊದಲ ಭಾನುವಾರ ತಪ್ಪದೆ ನಮ್ಮನ್ನು ಕರೆದೊಯ್ಯುತ್ತಿದ್ದರು. ಕ್ಯಾಮೆರಾ ಹೆಗಲಲ್ಲೇ ಇರುತ್ತಿತ್ತು, ಆದರೆ ಅಲ್ಲಿ ಹೊರಗೆ ತೆಗೆಯುತ್ತಿರಲಿಲ್ಲ. ಉಣ್ಣುವವರ ಫೋಟೋ ತೆಗೆದರೆ ದೃಷ್ಟಿ ತಾಕುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ.

ಹೊರಡುವ ದಿನ ಬೆಳಿಗ್ಗೆ ಅತ್ತೆಯ, ಅಂದರೆ ಅಪ್ಪನ ತಂಗಿಯ, ಫೋನ್ ಬಂತು. ಅವ್ವನೇ ಹಿಂದಿನ ದಿನ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

"ವೈನಿ, ಅಣ್ಣ ಹೋಗಿ ವರ್ಷ ತುಂಬಿಲ್ಲ, ಹೊಟೇಲಿಗೆ ಹೊಂಟೀರೇನ್ರಿ? ಮ್ಯಾಲ ಈ ರೋಗ ಬ್ಯಾರೆ. ಮಂದಿ ಏನಂದಾರು?"

ಅವ್ವ ಸೀರೆಯ ನೆರಿಗೆ ಹಿಡಿಯುತ್ತಲೇ ಸ್ಪೀಕರಿಗೆ ಉತ್ತರ ಕೊಟ್ಟಳು. "ನಿಮ್ಮಣ್ಣ ಹೋದಾಗ ಮಂದಿ ಯಾರೂ ಬರಲಿಲ್ಲ. ಈಗ ನಾ ಎರಡು ತುತ್ತು ಉಣ್ಣಾಕ ಹೊಂಟ್ರ ಎಲ್ಲಾರೂ ಬಂದ್ರು ನೋಡು, ಫೋನಿನ್ಯಾಗ!"

ಉಟ್ಟದ್ದು ಹಸಿರು ಇಳಕಲ್ ಸೀರೆ, ಕೆಂಪು ಸೆರಗಿನದು. ನಾನು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡೆ.

ಹೊಟೇಲಿನ ಬಾಗಿಲಲ್ಲಿ ಹಣೆಗೆ ಜ್ವರದ ಪಿಸ್ತೂಲು ಹಿಡಿದರು, ಅಂಗೈಗೆ ಸ್ಯಾನಿಟೈಸರ್ ಸುರಿದರು. ಒಳಗೆ ಒಂದು ಬಿಟ್ಟು ಒಂದು ಮೇಜಿಗೆ ಹಳದಿ ಟೇಪ್ ಕತ್ತರಿಯಾಗಿ ಅಂಟಿಸಿದ್ದರು. ಅವ್ವ ನೇರ ಹೋಗಿ ಕೈ ತೊಳೆಯುವ ಬೇಸಿನ್ ಮುಂದಿನ ಮೇಜಿಗೆ ಕೂತಳು. ಸಾಮಾನ್ಯ ದಿನಗಳಲ್ಲಿ ನೀರು ಸಿಡಿಯುತ್ತದೆಂದು ಯಾರೂ ಕೂರದ ಜಾಗ. ಅವಳ ಬೆನ್ನಿಗೆ ಬಿಳಿ ಟೈಲ್ಸಿನ ಗೋಡೆ ಸರಿಯಾಗಿ ಬಂತು.

ಮಾಸ್ಕು, ಗ್ಲೌಸಿನ ಮರೆಯಲ್ಲಿದ್ದ ಸಪ್ಲೈಯರ್ ಹತ್ತಿರ ಬಂದ ಮೇಲೆ, ಕಣ್ಣಿನಿಂದಲೇ ಹಳಬನೆಂದು ಗುರುತಾಯಿತು. ಅವನೂ ನಮ್ಮನ್ನು ಗುರುತಿಸಿ ಖುಷಿಯಿಂದ "ಸಾರ್ ರಾಲೇದಾ ಅಮ್ಮಾ?" ಎಂದ. ಸಾರ್ ಬರಲಿಲ್ಲವೇ ಎಂದು.

"ಸಾರ್ ಲೇರು," ಎಂದಳು ಅವ್ವ. ಇಲ್ಲ, ಎಂದಷ್ಟೇ. ಅವನು ಏನು ಬೇಕೆಂದು ಕೇಳದೆಯೇ ಒಳಗೆ ಹೋಗಿ ಅಪ್ಪ ಯಾವಾಗಲೂ ತಿನ್ನುತ್ತಿದ್ದ ಉಪ್ಮಾ ಪೆಸರಟ್ಟು, ಅಂದರೆ ಉಪ್ಪಿಟ್ಟು ತುಂಬಿದ ಹೆಸರುಕಾಳಿನ ದೋಸೆ, ಎರಡು ಪ್ಲೇಟ್ ತಂದಿಟ್ಟ.

ಅವ್ವ ಮಾಸ್ಕ್ ಇಳಿಸಿದಳು. ತಿಂಗಳುಗಳಿಂದ ಬಿಗಿದ ದಾರದ ಗೆರೆ ಕೆನ್ನೆಯ ಮೇಲಿತ್ತು. ದೂರದ ಮೇಜಿನಲ್ಲಿದ್ದ ಒಬ್ಬ ಹಿರಿಯರು, ತಾವೂ ಇಡ್ಲಿ ತಿನ್ನುತ್ತಲೇ, ಈ ವಯಸ್ಸಿನಲ್ಲಿ ಮನೆಯಲ್ಲಿ ಇರಬಾರದೇ ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದರು. ಊರಿಗೆಲ್ಲ ಉಪದೇಶ, ತನ್ನ ಮುಂದೆ ಇಡ್ಲಿ! ನಾನು ಬಾಯಿ ತೆರೆಯುವುದರೊಳಗೆ ಅವ್ವನೇ ಈ ಊರಿನ ದಖನಿ ಉರ್ದುವಿನಲ್ಲಿ ಹೇಳಿದಳು: "ಉನೋ ಘರ್ ಮೇಚ್ ಬೈಠೇ ಥೇ. ಫಿರ್ ಬೀ ಗಯೇ." ಅಪ್ಪ ಮನೆಯಲ್ಲೇ ಕೂತಿದ್ದರು, ಆದರೂ ಹೋದರು. ಹಿರಿಯರು ತಲೆ ತಗ್ಗಿಸಿ ಇಡ್ಲಿಯತ್ತ ತಿರುಗಿದರು.

ನಾನು ಕ್ಯಾಮೆರಾ ಎತ್ತಿದೆ. ಮೊದಲ ಹತ್ತು ಚಿತ್ರಗಳಲ್ಲಿ ಹಸಿಶುಂಠಿ ಚಟ್ನಿಯ ಬಟ್ಟಲು ಕನ್ನಡಿಯಂತೆ ಸ್ಪಷ್ಟ, ಹಿಂದೆ ಅವ್ವ ಬರೀ ಹಸಿರು ಮೋಡ. ಬೆರಳಗಲದಷ್ಟು ಜಾಗವನ್ನು ಮಾತ್ರ ಸ್ಪಷ್ಟ ಹಿಡಿದು ಉಳಿದದ್ದನ್ನೆಲ್ಲ ಮಸುಕಾಗಿಸುವ ಲೆನ್ಸ್ ಅದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಲೆನ್ಸನ್ನೇ ಬೈಯತೊಡಗಿದೆ. ಹತ್ತಿರದಿಂದ ಮುಖ ಚೌಕಟ್ಟಿನಲ್ಲಿ ಹಿಡಿಸುತ್ತಲೂ ಇರಲಿಲ್ಲ. ಕಣ್ಣಿಗೆ ಫೋಕಸ್ ಹಿಡಿದು ಹಿಂದೆ ಹಿಂದೆ ಸರಿದೆ, ಸರಿಯುತ್ತಾ ಟೇಪ್ ಹಚ್ಚಿದ ಮೇಜಿಗೆ ಡಿಕ್ಕಿ ಹೊಡೆದು ಅದರ ಮೇಲೆಯೇ ಕೂತುಬಿಟ್ಟೆ. ಅವ್ವ ಬಾಯಿ ತುಂಬ ಪೆಸರಟ್ಟು ಇಟ್ಟುಕೊಂಡೇ ನಕ್ಕಳು. ಅಪ್ಪ ಹೋದ ಮೇಲೆ ಮೊದಲ ಸಲ. ನಾನು ಕೂತಲ್ಲಿಂದಲೇ ಒತ್ತಿದೆ.

ಪರದೆಯಲ್ಲಿ ನೋಡಿದಾಗ ಅವ್ವನ ಕಣ್ಣ ರೆಪ್ಪೆಗಳನ್ನು ಎಣಿಸಬಹುದಿತ್ತು. ತುಟಿಯ ಅಂಚಿಗೆ ಚಟ್ನಿ ಹತ್ತಿತ್ತು. ಸಾಕು, ಇನ್ನು ನನಗೆ ಭಯವಿಲ್ಲ ಅನ್ನಿಸಿತು. ಕ್ಯಾಮೆರಾ ಚೀಲಕ್ಕೆ ಹಾಕಲು ಹೋದೆ.

"ಇಲ್ಲೆ ಕೊಡು," ಎಂದಳು ಅವ್ವ. ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದವಳಲ್ಲ.

"ನಿನಗ್ಯಾಕವ್ವಾ?"

"ಯಾಕಂತೀ? ಹಾರ ಹಾಕಾಕ ನನ್ನ ಫೋಟೋ ಬೇಕಾಗಿತ್ತು ನಿನಗ, ನನಗೇನು ತಿಳಿಯಾಂಗಿಲ್ಲೇನು? ತಗೊಂಡಿ. ನಿಂದು ಎಲ್ಲೈತಿ? ಈ ರೋಗ ವಯಸ್ಸು ನೋಡಿ ಬರ್ತೈತೇನು? ತೆಗಿಯಾವ್ರದ್ದ ಫೋಟೋ ಇರಾಂಗಿಲ್ಲ. ನಿಮ್ಮಪ್ಪ ಮಾಡಿದ್ದ ತಪ್ಪ ನೀ ಮಾಡಬ್ಯಾಡ. ಕುಂದ್ರು ಅಲ್ಲೆ."

ಬಿಳಿ ಗೋಡೆಯ ಮುಂದೆ ಅವ್ವನ ಕುರ್ಚಿಯಲ್ಲಿ ಕೂತೆ. ನಾಲ್ಕು ತಿಂಗಳು ನಾನು ಅವಳನ್ನು ಹೇಗೆ ಉಳಿಸಿಟ್ಟುಕೊಳ್ಳಲಿ ಎಂದು ಒದ್ದಾಡಿದ್ದೆ. ಅವಳೂ ಅಷ್ಟೇ ದಿನ ನನ್ನ ಬಗ್ಗೆ ಅದನ್ನೇ ಯೋಚಿಸಿದ್ದಳು. ಅಳು ಒತ್ತರಿಸಿ ಬಂತು. "ಅಳಬ್ಯಾಡ, ಉಣ್ಣು," ಎಂದು ಗದರಿದಳು. ತುತ್ತು ಬಾಯಿಗಿಟ್ಟೆ. ಅವ್ವ ಒತ್ತಿದಳು.

ಅವಳ ಮುಖವನ್ನಷ್ಟೇ ಕತ್ತರಿಸಿ ಅರ್ಜಿಗೆ ಅಂಟಿಸಿದೆವು, ಬ್ಯಾಂಕಿನವರು ತಕರಾರು ಮಾಡಲಿಲ್ಲ. ಉಳಿದಂತೆ ಪೆಸರಟ್ಟಿನ ಸಮೇತ ದೊಡ್ಡದು ಮಾಡಿಸಿದ ಎರಡೂ ಫೋಟೋಗಳನ್ನು ಅವ್ವ ಅಪ್ಪನ ಪಕ್ಕದಲ್ಲೇ ತೂಗುಹಾಕಿಸಿದಳು. ಇದ್ದವರ ಫೋಟೋ ಹೋದವರ ಸಾಲಿನಲ್ಲಿ ಹಾಕಬಾರದು ಎಂದು ಮೊಳೆ ಹೊಡೆಯುವವನೂ ಹಿಂಜರಿದ. ಅವಳು ತಾನೇ ಸ್ಟೂಲ್ ತಂದಿಟ್ಟಳು.

ಮುಂದಿನ ಬೇಸಿಗೆಯಲ್ಲಿ ಎರಡನೇ ಅಲೆ ಬಂತು. ಹೊಟೇಲು ಮತ್ತೆ ಮುಚ್ಚಿತು, ನಮಗಿಬ್ಬರಿಗೂ ಜ್ವರ ಬಂತು. ಒಂದೇ ಕೋಣೆಯಲ್ಲಿ ಎರಡು ಹಾಸಿಗೆ ಹಾಸಿ ಮಲಗಿದ್ದೆವು. ವಿಡಿಯೋ ಕರೆ ಮಾಡಿದ ಅತ್ತೆ ಗೋಡೆಯ ಮೇಲಿನ ಫೋಟೋಗಳನ್ನು ನೋಡಿ ಬಾಯಿ ಬಾಯಿ ಬಡಿದುಕೊಂಡರು. "ಉಣ್ಣೋ ಫೋಟೋ ಹಾಕೀರಲ್ರಿ ವೈನಿ! ಅದಕ್ಕ ನಿಮಗ ದೃಷ್ಟಿ ತಾಕೈತಿ."

ಅವ್ವ ದಿಂಬಿನಿಂದ ತಲೆ ಎತ್ತಿದಳು. ನೂರೆರಡು ಜ್ವರ, ಗಂಟಲು ಕಟ್ಟಿತ್ತು.

"ತಾಕಲಿ ಬಿಡು," ಎಂದಳು. "ದೃಷ್ಟಿ ತಾಕೋದು ಇದ್ದೋರಿಗೆ."