ಅತ್ತೆಯ ಪ್ರದಕ್ಷಿಣೆ, ನನ್ನ ಕಾಲು

ಕೂಸಿಗೆ ಹಾಲು ಕೊಡಲು ಕೂತರೆ ಸಾಕು, ನಮ್ಮತ್ತೆಗೆ ತುಳಸಿ ನೆನಪಾಗುತ್ತಿತ್ತು. ಆ ದಿನವೂ ಹಾಗೇ ಆಯಿತು. "ಲೇ ಇವಳೇ, ಬಾ, ಹೊತ್ತಾತು!"

ಸಿರುಗುಪ್ಪದ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಅವರನ್ನು ಔಷಧಕ್ಕೆಂದು ಬಳ್ಳಾರಿಗೆ ಕರೆತಂದು, ಬಾಡಿಗೆ ಕೋಣೆಯಲ್ಲಿ ಇರಿಸಿಕೊಂಡಿದ್ದೆ. ತುಳಸಿಗೆ ಪ್ರದಕ್ಷಿಣೆ ಹಾಕದೆ ಅವರು ಉಣ್ಣುವವರಲ್ಲ. ಅವರು ಉಣ್ಣದೆ ಸೊಸೆಯಾದ ನಾನು ಉಣ್ಣುವಂತಿಲ್ಲ. ಹಸಿವು ತಾಳಲಾರದೆ ನಾನೇ ಒಂದು ಉಪಾಯ ಮಾಡಿದೆ. ಸೀಮೆಎಣ್ಣೆ ಡಬ್ಬಿಯಲ್ಲಿ ತುಳಸಿ ನೆಟ್ಟು, ಅತ್ತೆಯನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿ, ಡಬ್ಬಿಯನ್ನೇ ಎತ್ತಿಕೊಂಡು ಅವರ ಸುತ್ತ ತಿರುಗತೊಡಗಿದೆ. ಅವರು ಕಣ್ಣು ಮುಚ್ಚಿ ಕೈಮುಗಿದು ಕೂತಿರುತ್ತಿದ್ದರು.

ಆ ದಿನ ಇದು ಮನೆಯೊಡತಿಯ ಕಣ್ಣಿಗೆ ಬಿತ್ತು. "ಅಯ್ ನಮ್ಮವ್ವಾ! ಅತ್ತಿಗೆ ಪ್ರದಕ್ಷಿಣಿ ಹಾಕೋ ಸೊಸಿನ್ನ ಇವತ್ತ ಕಂಡೆ!"

"ಅತ್ತಿಗಲ್ಲರೀ, ತುಳಸಿಗೆ. ಪ್ರದಕ್ಷಿಣಿ ಅವರದು, ಕಾಲು ನನ್ನವು, ಅಷ್ಟ."

"ಏನ್ ವಿನಯ ನೋಡ್ರಿ ಹುಡುಗೀದು!"

ಅತ್ತೆಯಾದರೂ ನಿಜ ಹೇಳಲಿ ಎಂದು ಅವರ ಮುಖ ನೋಡಿದೆ. ಅವರು ಒಂದು ಕಣ್ಣು ತೆರೆದರು, ಇನ್ನಷ್ಟು ನೆಟ್ಟಗೆ ಕೂತರು, ಮತ್ತೆ ಮುಚ್ಚಿಕೊಂಡರು.

ಮರುದಿನ ಅಂಗಳದಲ್ಲಿ ಎರಡು ಕುರ್ಚಿಗಳಿದ್ದವು. ಎರಡನೆಯದರಲ್ಲಿ ಮನೆಯೊಡತಿ ಕೂತಿದ್ದಳು, ಎರಡು ಕಾಲೂ ಗಟ್ಟಿಮುಟ್ಟಾಗಿದ್ದ ಹೆಂಗಸು. ರೊಟ್ಟಿ ಬಡಿಯುತ್ತಿದ್ದ ಅವಳ ಸೊಸೆ ಹಿಟ್ಟಿನ ಕೈಯಲ್ಲೇ ಎದ್ದುಬಂದು ಅವಳ ಸುತ್ತ ತಿರುಗುತ್ತಿದ್ದಳು. ಎರಡು ಕುರ್ಚಿಗಳ ನಡುವೆ ನಾವಿಬ್ಬರೂ ಎದುರುಬದುರಾದಾಗ ಆಕೆ ತಡೆದು ನಿಂತು ಮೆಲ್ಲಗೆ ಕೇಳಿದಳು.

"ಅಕ್ಕಾ, ನಾ ನಿಮಗ ಏನ್ ಅನ್ಯಾಯ ಮಾಡಿದ್ನ್ರಿ?"